ಹಿರಿಯಳ ಫೈಲುಗಳು ಮಾತ್ರ

ಕ್ಷೌರಿಕ ತನ್ನ ಹೊಸ ಕಾಲನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಮೊಣಕಾಲಿನ ಕೆಳಗೆ, ಕತ್ತರಿಸಿ ಉಳಿದಿದ್ದ ಕಾಲಿನ ತುದಿಯಲ್ಲಿ ಚರ್ಮ ಕೆಂಪಗೆ ಕಿತ್ತುಹೋಗಿತ್ತು.

"ಹೋದ ಸಲವೂ ಇಲ್ಲೇ ಒತ್ತಿತ್ತು ಮೇಡಂ. ಸರಿ ಮಾಡಿದೀನಿ ಅಂದ್ರಿ. ಈ ಸಲವೂ ಇಲ್ಲೇ. ನಂದು ನಿಂತ್ಕೊಂಡೇ ಹೊಟ್ಟೆ ಹೊರೆಯೋ ಕೆಲಸ. ಒಂದು ತಲೆ ಮುಗಿಯೋ ಹೊತ್ತಿಗೆ ಕಣ್ಣಲ್ಲಿ ನೀರು. ಗಿರಾಕಿ ತನ್ನ ಕೂದಲು ಹಾಳಾಯ್ತು ಅಂತ ನಾನು ಅಳ್ತಿದೀನಿ ಅಂದ್ಕೋತಾನೆ."

ಹಿರಿಯಳಿಗೆ ನಗು ಬರಲಿಲ್ಲ. ಕೃತಕ ಕಾಲು ಮಾಡುವ ಆ ಕಾರ್ಯಾಗಾರವನ್ನು ಅವಳೂ ಅವಳ ವಾರಗಿತ್ತಿಯೂ ಸೇರಿ ಕಟ್ಟಿದ್ದರು. ಮನೆಯಲ್ಲಿ ಹಿರಿ ಸೊಸೆ, ಕಿರಿ ಸೊಸೆ. ಇಲ್ಲಿಯೂ ಹಾಗೇ ಹಿರಿಯಳು, ಕಿರಿಯಳು. ಕತ್ತರಿಸಿ ಉಳಿದ ಕಾಲನ್ನು ಸ್ಕ್ಯಾನ್ ಮಾಡಿದರೆ ಅದರ ಆಕಾರ ಕಂಪ್ಯೂಟರಿನ ಪರದೆಯಲ್ಲಿ ಒಂದು ವಿಂಡೋದೊಳಗೆ ಮೂಡುತ್ತಿತ್ತು. ಅದನ್ನು ಅತ್ತಿತ್ತ ತಿರುಗಿಸಿ, ಮೂಳೆ ತಗಲುವ ಕಡೆ ಜಾಗ ಬಿಟ್ಟು, ಮಾಂಸವಿರುವ ಕಡೆ ಬಿಗಿ ಮಾಡಿ, ವಿಂಡೋ ಮುಚ್ಚಬೇಕು. ಮುಚ್ಚಿದ ಕೂಡಲೇ ತಿದ್ದಿದ ಆಕಾರ ಫೈಲಿನಲ್ಲಿ ಸೇವ್ ಆಗುತ್ತಿತ್ತು. ಫೈಲಿನಲ್ಲಿ ಯಾವ ಆಕಾರವಿದೆಯೋ ಅದರ ಅಚ್ಚನ್ನೇ ಹಿಂದಿನ ಕೋಣೆಯ ಯಂತ್ರ ಕೊರೆಯುತ್ತಿತ್ತು. ಆ ಅಚ್ಚಿನ ಮೇಲೆ ಕಾಲು ಕೂರುವ ಬಟ್ಟಲು ತಯಾರಾಗುತ್ತಿತ್ತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಈ ಪ್ರೋಗ್ರಾಂ ಬರೆದುಕೊಟ್ಟವನು ಮೈದುನ, ಅಂದರೆ ಕಿರಿಯಳ ಗಂಡ.

ಕ್ಷೌರಿಕನನ್ನು ಕೂರಿಸಿ ಅವಳು ಅವನ ಫೈಲನ್ನು ತೆರೆದಳು. ಅರ್ಧ ದಿನ ಕೂತು ತಿದ್ದಿದ ಒಂದು ಗೆರೆಯೂ ಅಲ್ಲಿರಲಿಲ್ಲ. ಸ್ಕ್ಯಾನಿನಿಂದ ಬಂದ ಹಸಿ ಆಕಾರ ಹಾಗೇ ಇತ್ತು. ಯಂತ್ರ ಅದನ್ನೇ ಕೊರೆದು ಕೂತಿತ್ತು. ಇತ್ತೀಚೆಗೆ ಅವಳ ಕೆಲಸ ಹೀಗೆ ಮಾಯವಾಗುವುದು ಹೆಚ್ಚಾಗಿತ್ತು. ಕಿರಿಯಳದು ಮಾತ್ರ ಒಂದೂ ಹೋಗಿರಲಿಲ್ಲ.

ಮೊದಲು ಇದು ತನ್ನದೇ ಮರೆವು ಅಂದುಕೊಂಡಿದ್ದಳು. ಆದರೆ ಕೆಲವು ದಿನಗಳ ಹಿಂದೆ ಪ್ಲಾಸ್ಟರ್ ಮೂಟೆಗಳ ಹಿಂದೆ ನಿಂತು ಕಿರಿಯಳು ಫೋನಿನಲ್ಲಿ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು: "ಇಲ್ಲ, ಅಕ್ಕನಿಗಿನ್ನೂ ಗೊತ್ತಿಲ್ಲ. ಸಮಯ ನೋಡಿ ನಾನೇ ಹೇಳ್ತೀನಿ."

ಅಲ್ಲಿಂದ ಅವಳ ತಲೆಯಲ್ಲಿ ಹುಳ ಹೊಕ್ಕಿತು. ಕಂಪ್ಯೂಟರಿನ ಪಾಸ್‌ವರ್ಡ್ ಬದಲಿಸಿದಳು. ಊಟಕ್ಕೆ ಏಳುವಾಗ ಕೋಣೆಗೆ ಬೀಗ ಹಾಕಿದಳು. ಕಿರಿಯಳು "ಬೀಗ ಯಾಕೆ ಅಕ್ಕ?" ಅಂದಾಗ "ಧೂಳು" ಅಂದಳು. ಧೂಳಿಗೆ ಬೀಗ ಯಾವ ಲೆಕ್ಕ ಎಂದು ಕಿರಿಯಳು ಕೇಳಲಿಲ್ಲ. ಕೇಳದೇ ಇದ್ದದ್ದೂ ಹಿರಿಯಳಿಗೆ ಒಂದು ಗುರುತಾಗಿ ಕಂಡಿತು.

ಬೀಗ ಹಾಕಿದ ಮೇಲೂ ಒಂದು ಫೈಲ್ ಹೋಯಿತು. ಆಗಲಾದರೂ ಅನುಮಾನ ಸಡಿಲಬೇಕಿತ್ತು. ಬದಲಿಗೆ ಅದು ಕಿರಿಯಳ ಗಂಡನ ಕಡೆಗೂ ಕೈ ಚಾಚಿತು: ಪ್ರೋಗ್ರಾಂ ಬರೆದವನಿಗೆ ಬೀಗ ಏನು, ಪಾಸ್‌ವರ್ಡ್ ಏನು?

ಆದರೂ ಕರೆಯಲು ಬೇರೆ ಯಾರೂ ಇರಲಿಲ್ಲ. ಕ್ಷೌರಿಕನಿಗೆ ಮುಲಾಮು ಹಚ್ಚಿ, ಹಳೆಯ ಕಾಲು ತೊಡಿಸಿ ಕಳಿಸಿದ ಮೇಲೆ ಮೈದುನನಿಗೆ ಫೋನ್ ಮಾಡಿದಳು. ಮಧ್ಯಾಹ್ನ ಅವನು ಬಂದು ಕೂತ. ಅವನು ಪರದೆ ನೋಡಿದ. ಅವಳು ಅವನ ಮುಖ ನೋಡಿದಳು.

"ವಿಂಡೋ ಮುಚ್ಚಿದಾಗ ಕೆಂಪು ಅಕ್ಷರದಲ್ಲಿ ಏನಾದ್ರೂ ಬರುತ್ತಾ ಅತ್ತಿಗೆ?"

"ಏನೂ ಇಲ್ಲ. ಸದ್ದಿಲ್ಲದೆ ಹೋಗುತ್ತೆ."

"ಪ್ರೋಗ್ರಾಂ ತಪ್ಪಾಗಿ ನಿಂತಿದ್ರೆ ಬೈದು ಹೋಗ್ಬೇಕಿತ್ತಲ್ಲ," ಎಂದು ಅವನು ಗಲ್ಲ ಕೆರೆದುಕೊಂಡ. ವಿಂಡೋ ತೆರೆಯುವ ಸಾಲಿನ ಮೊದಲು 'ಒಳಗೆ ಹೋದೆ' ಎಂದೂ, ಸೇವ್ ಮಾಡುವ ಸಾಲಿನ ಮೊದಲು 'ವಾಪಸ್ ಬಂದೆ' ಎಂದೂ ಬರೆಯುವಂತೆ ಮಾಡಿದ. ಅವಳು ವಿಂಡೋ ತೆರೆದು ಮುಚ್ಚಿದಳು. 'ಒಳಗೆ ಹೋದೆ' ಬಂತು. ಅಷ್ಟೇ, ಪ್ರೋಗ್ರಾಂ ಇದ್ದಲ್ಲೇ ಮುಗಿದಿತ್ತು.

ಏನೇ ಎಡವಟ್ಟಾದರೂ ಕೊನೆಗೆ ಸೇವ್ ಮಾಡಿಯೇ ತೀರುವಂತೆ ಇನ್ನೊಂದು ಕಟ್ಟು ಹಾಕಿದ. ಅದೂ ನಡೆಯಲಿಲ್ಲ.

"ಇದಾಗಬಾರ್ದು," ಅಂದ. ಅವನ ಹಣೆಯ ಮೇಲೆ ಬೆವರು ಕಂಡಿತು. ಸಿಕ್ಕಿಬೀಳುವ ಭಯದ ಬೆವರೇ ಅದು ಎಂದು ಹಿರಿಯಳಿಗೆ ಖಾತ್ರಿಯಾಯಿತು.

"ನಿಜ ಹೇಳು. ಬೇಕಂತಲೇ ಯಾರಾದ್ರೂ ಹೀಗೆ ಮಾಡಿಟ್ಟಿದಾರಾ?"

"ಯಾರು ಅತ್ತಿಗೆ?"

"ನಿನ್ನ ಹೆಂಡತಿದು ಒಂದೂ ಹೋಗಲ್ಲ. ನಂದೇ ಯಾಕೆ ಹೋಗುತ್ತೆ?"

ಅವನ ಕಣ್ಣು ಬಾಗಿಲ ಕಡೆ ಹೋಯಿತು. ಮೊಣಕೈವರೆಗೆ ಪ್ಲಾಸ್ಟರ್ ಮೆತ್ತಿದ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಕಿರಿಯಳು ಅಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೋಗಿ ಕೈ ತೊಳೆದು ಬಂದಳು.

"ಏಳಿ ಅಕ್ಕ. ನಾನು ಮಾಡ್ತೀನಿ. ಕಣ್ಣು ಮಿಟುಕಿಸದೆ ನೋಡಿ."

ಆಕಾರ ತೆರೆದಳು, ಒಂದು ಕಡೆ ಒತ್ತಿದಳು, ವಿಂಡೋ ಮುಚ್ಚಿದಳು. 'ವಾಪಸ್ ಬಂದೆ' ಎಂದು ಪರದೆ ಹೇಳಿತು. ಫೈಲ್ ಸೇವ್ ಆಗಿತ್ತು.

"ನೋಡಿದ್ಯಾ!" ಹಿರಿಯಳ ದನಿ ಏರಿತು. "ಅವಳ ಮಾತು ಕೇಳುತ್ತೆ, ನನ್ನದು ಕೇಳಲ್ಲ!"

"ಈಗ ನೀವು ಮಾಡಿ ಅತ್ತಿಗೆ. ಈ ಸಲ ಪರದೆ ಬಿಟ್ಟು ನಿಮ್ಮ ಕೈ ನೋಡ್ತೀನಿ."

ಅವಳು ಅದೇ ಆಕಾರ ತೆರೆದು, ಅದೇ ಕಡೆ ಒತ್ತಿ, ಮೌಸನ್ನು ಮೂಲೆಗೆ ಒಯ್ದು ಕೆಂಪು ಗುಣಾಕಾರ ಚಿಹ್ನೆಯನ್ನು ಒತ್ತಿದಳು. ಎಲ್ಲ ಮಾಯ.

"ಅಲ್ಲೇ!" ಮೈದುನ ಕುರ್ಚಿಯಿಂದ ಎದ್ದೇಬಿಟ್ಟ. "ಇವಳು ಎಸ್ಕೇಪ್ ಕೀ ಒತ್ತಿದ್ಲು. ನೀವು ಆ ಗುರುತು ಒತ್ತಿದ್ರಿ."

ಚಿತ್ರ ತೋರಿಸುವ ಕೆಲಸಕ್ಕೆ ಅವನು ಬೇರೆ ಯಾರೋ ಬರೆದಿಟ್ಟ ಸಿದ್ಧ ಕೋಡನ್ನು, ಒಂದು ಹಳೆಯ ಲೈಬ್ರರಿಯನ್ನು, ಬಳಸಿದ್ದ. ಎಸ್ಕೇಪ್ ಒತ್ತಿದರೆ ಚಿತ್ರದ ಕೆಲಸ ಮಾತ್ರ ನಿಲ್ಲುವಂತೆ ಅವನೇ ಬರೆದಿದ್ದ; ಆಮೇಲೆ ಸೇವ್ ಆಗುತ್ತಿತ್ತು. ಮೂಲೆಯ ಗುರುತು ಒತ್ತಿದರೆ ಮಾತ್ರ ಆ ಲೈಬ್ರರಿ ವಿಂಡೋದ ಜೊತೆ ಇಡೀ ಪ್ರೋಗ್ರಾಮನ್ನೇ ಮುಗಿಸಿಬಿಡುತ್ತಿತ್ತು. ಅದರ ಪಾಲಿಗೆ ಇದು ತಪ್ಪೇ ಅಲ್ಲ. ಹಾಗಾಗಿ ಬೈಗುಳವೂ ಇಲ್ಲ. ಪೈಥಾನಿಗೆ ಉಸಿರೆತ್ತಲೂ ಅವಕಾಶ ಸಿಗುತ್ತಿರಲಿಲ್ಲ.

"ಇಷ್ಟು ದಿನ ಸರಿಯಾಗೇ ಇತ್ತಲ್ಲ?" ಹಿರಿಯಳು ಇನ್ನೂ ಬಿಡಲಿಲ್ಲ.

"ಇಷ್ಟು ದಿನ ವಿಂಡೋ ಪರದೆ ತುಂಬ ಇತ್ತು, ಮೂಲೆಯಲ್ಲಿ ಗುರುತೇ ಇರ್ಲಿಲ್ಲ. ಪಕ್ಕದಲ್ಲಿ ರೋಗಿಯ ಫೋಟೋ ಕಾಣ್ಬೇಕು, ಚಿಕ್ಕದು ಮಾಡಿಕೊಡು ಅಂದವರು ನೀವೇ. ಇವಳು ಹಳೇ ಅಭ್ಯಾಸ ಬಿಡಲಿಲ್ಲ. ಗುರುತು ಒತ್ತಿದ್ರೆ ಏನಾಗುತ್ತೆ ಅಂತ ನಾನು ಪರೀಕ್ಷೆ ಮಾಡ್ಲಿಲ್ಲ. ತಪ್ಪು ನಂದು."

ವಿಂಡೋ ಮುಚ್ಚಿದರೆ ಪ್ರೋಗ್ರಾಂ ಮುಗಿಸಬೇಡ, ಹೊರಟ ಜಾಗಕ್ಕೆ ವಾಪಸ್ ಬಾ ಎಂದು ಆ ಲೈಬ್ರರಿಗೆ ಹೇಳುವ ಒಂದು ಸಾಲನ್ನು ಹುಡುಕಿ ಸೇರಿಸಿದ. ಹಿರಿಯಳು ಮೂಲೆಯ ಗುರುತನ್ನು ಮತ್ತೆ ಮತ್ತೆ ಒತ್ತಿ ನೋಡಿದಳು. ಪ್ರತಿ ಸಲವೂ 'ವಾಪಸ್ ಬಂದೆ' ಬಂತು. ಕೊನೆಕೊನೆಗೆ ಅವಳಿಗೆ ಆ ಅಕ್ಷರಗಳನ್ನು ನೋಡಲು ನಾಚಿಕೆಯಾಯಿತು.

ಮೈದುನ ಹೊರಟ ಮೇಲೂ ಒಂದು ಮುಳ್ಳು ಒಳಗೇ ಉಳಿದಿತ್ತು. ಕೇಳಬಾರದು ಅಂದುಕೊಂಡೇ ಕೇಳಿದಳು.

"ನನಗೆ ಗೊತ್ತಿಲ್ಲ ಅಂತ ಫೋನಲ್ಲಿ ಹೇಳ್ತಿದ್ಯಲ್ಲ, ಅದೇನು?"

ಕಿರಿಯಳು ಅವಳನ್ನೇ ನೋಡಿದಳು. "ಆಸ್ಪತ್ರೆಯವರು ಮಕ್ಕಳ ವಿಭಾಗಕ್ಕೆ ಕರೀತಿದ್ರು. ಚಿಕ್ಕ ಕಾಲುಗಳ ಕೆಲಸ, ನನಗೆ ಮೊದಲಿಂದ ಆಸೆ. ಆದ್ರೆ ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋಗೋಕೆ ಮನಸ್ಸು ಬರದೆ ಒಪ್ಕೊಂಡಿರ್ಲಿಲ್ಲ."

"ಈಗ?"

"ಇವತ್ತು ಬೆಳಿಗ್ಗೆ ತನಕ ಮನಸ್ಸು ಬರ್ತಿರ್ಲಿಲ್ಲ ಅಕ್ಕ."

ಹಿರಿಯಳು ಅವಳ ಮೊಣಕೈ ಹಿಡಿದಳು. "ತಪ್ಪಾಯ್ತು ಕಣೇ. ಬಾಯಿ ಬಿಟ್ಟು ಮೊದಲೇ ಕೇಳಿದ್ರೆ ಮುಗೀತಿತ್ತು."

"ಹೌದು, ಮುಗೀತಿತ್ತು," ಅಂದಳು ಕಿರಿಯಳು. ಕೈ ಬಿಡಿಸಿಕೊಳ್ಳಲಿಲ್ಲ, ಹೋಗುವ ತೀರ್ಮಾನವನ್ನೂ ಬದಲಿಸಲಿಲ್ಲ.

ಕ್ಷೌರಿಕನ ಹೊಸ ಬಟ್ಟಲನ್ನು ಇಬ್ಬರೂ ಸೇರಿಯೇ ಮಾಡಿದರು. ಅವನು ಕೋಣೆಯ ತುಂಬ ಓಡಾಡಿ, ಒಂದು ಹೆಜ್ಜೆಗೂ ಮುಖ ಕಿವುಚದೆ, ಇಬ್ಬರಿಗೂ ಕೈಮುಗಿದು ಹೋದ. ಆ ವಾರವೇ ಕಿರಿಯಳು ತನ್ನ ಅರಗಳನ್ನೂ ಚಾಕುಗಳನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೊರಟಳು. ಮನೆಯಲ್ಲಿ ಬಡಿಸುವಾಗ, ಬಟ್ಟೆ ಮಡಿಸುವಾಗ ಇಬ್ಬರೂ ಬೇಕಾದಷ್ಟೇ ಮಾತಾಡುತ್ತಿದ್ದರು. ಅತ್ತೆ ಒಮ್ಮೆ "ಏನಾಯ್ತು ನಿಮಗೆ?" ಅಂದಾಗ ಇಬ್ಬರೂ ಒಟ್ಟಿಗೆ "ಏನಿಲ್ಲ" ಅಂದರು.

ಒಂದು ಬೆಳಿಗ್ಗೆ ಹಿರಿಯಳು ಕೆಲಸದಲ್ಲಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು.

"ಅಕ್ಕ, ಇಲ್ಲೊಂದು ಮಗು ಇದೆ. ಬಟ್ಟಲು ತೊಡಿಸಿದ್ರೆ ಅಳುತ್ತೆ. ಎಲ್ಲಿ ಒತ್ತುತ್ತೆ ಅಂತ ಹೇಳೋಕೆ ಬರಲ್ಲ ಅದಕ್ಕೆ. ಹೇಗೆ ಕಂಡುಹಿಡೀಲಿ?"

ಹಿರಿಯಳು ಕುರ್ಚಿ ಎಳೆದುಕೊಂಡು ಕೂತಳು. "ತೆಗೆದ ಮೇಲೆ ಚರ್ಮ ಎಲ್ಲಿ ಕೆಂಪಗಿದೆ, ನಿಧಾನವಾಗಿ ನೋಡಿ ಹೇಳು," ಎಂದಳು.