ಸುರಗಿಯ ನೀರು

"ಏ ಜಗದೇವಿ, ಕುಡಗೋಲು ತಗೊಂಡು ಬಾ. ಒಂದೀಟು ದಾರಿ ಮಾಡಿಕೊಡು," ಮದುಮಗಳ ತಾಯಿ ರುಕ್ಮಿಣಿಬಾಯಿ ಕೆರೆಯ ಮೆಟ್ಟಿಲ ಮೇಲಿಂದ ಕೂಗಿದರು. ಮುಂಡೆಯಾದ ಅವಳು ಎದುರಿಗೆ ಬರಬಾರದೆಂದು ಬೆಳಿಗ್ಗೆ ಹೇಳಿ ಕಳಿಸಿದ್ದವರೂ ಅವರೇ.

ಅವರ ಹಿಂದೆ ತಾಮ್ರದ ಕೊಡ ಹೊತ್ತ ಮುತ್ತೈದೆಯರು, ಸನಾದಿ ಊದುವವರು. ಮದುಮಗಳಿಗೆ ಎರೆಯುವ ಸುರಗಿಯ ಸ್ನಾನಕ್ಕೆ ಊರ ಕೆರೆಯ ನೀರೇ ಆಗಬೇಕು. ಆದರೆ ಮೆಟ್ಟಿಲಿನಾಚೆ ನೀರೇ ಕಾಣುತ್ತಿರಲಿಲ್ಲ. ಅಂತರಗಂಗೆ ಸೊಂಟದೆತ್ತರ ಬೆಳೆದಿತ್ತು.

ಈ ಕಳೆ ತಿನ್ನುವ ಹುಳಗಳನ್ನು ಜಗದೇವಿಯ ಗಂಡ ಸಿದ್ದಪ್ಪ ಬಸವಕಲ್ಯಾಣದಿಂದ ಒದ್ದೆ ಗೋಣಿಚೀಲದಲ್ಲಿ ತಂದು ಬಿಟ್ಟಿದ್ದ. ಜೋಳದ ಕಾಳಿನಷ್ಟು ಕಂದು ಹುಳ. ವರ್ಷದೊಳಗೆ ಎಲೆಯೆಲ್ಲ ತೂತಾಗಿ, ದಂಟು ಕೊಳೆತು, ಕೆರೆ ತೆರೆದುಕೊಂಡಿತ್ತು. ಆಮೇಲೆ ಹುಮನಾಬಾದಿನ ದಾರಿಯಲ್ಲಿ ರುಕ್ಮಿಣಿಬಾಯಿಯ ಗಂಡ ಮಹಾರುದ್ರಪ್ಪನ ಔಷಧಿ ಕಾರ್ಖಾನೆ ಎದ್ದಿತು. ಅದರ ಗಟಾರು ಕೆರೆಗೆ ಬಿತ್ತು. ಹುಳಗಳು ಸತ್ತು ದಡಕ್ಕೆ ಬಂದವು. ಕಳೆ ಮತ್ತೆ ಹಬ್ಬಿತು. ಕಾರ್ಖಾನೆಯ ಪಂಪಿನ ಸುತ್ತ ಅದನ್ನು ಕಡಿಯಲು ಇಳಿದ ಸಿದ್ದಪ್ಪ ಬೇರಿಗೆ ಕಾಲು ಸಿಕ್ಕಿ ಮೇಲೇಳಲಿಲ್ಲ.

"ಹುಳ ಸತ್ತದ್ದಕ್ಕ ನಾ ಏನು ಮಾಡ್ಲಿ? ನಮ್ಮ ಕಾರ್ಖಾನಿ ನೀರು ತೀರ್ಥ ಇದ್ದಂಗ ಅದ," ಹೆಣದ ಮುಂದೆ ನಿಂತು ಮಹಾರುದ್ರಪ್ಪ ಅಂದಿದ್ದ.

ಗಂಡ ಹೋದಮೇಲೆ ಮೆಟ್ಟಿಲ ಬಳಿಯ ಕಳೆ ಕಡಿಯುತ್ತಿದ್ದ ಜಗದೇವಿ, ಮಹಾರುದ್ರಪ್ಪನ ಮಗಳ ಮದುವೆ ಗೊತ್ತಾದಂದಿನಿಂದ ಕುಡಗೋಲು ಮುಟ್ಟಿರಲಿಲ್ಲ.

"ಕಡಿಯಾಂವ ಹೋದನಲ್ರಿ ಅಕ್ಕಾರ," ದಂಡೆಯ ಮೇಲೆ ನಿಂತಿದ್ದ ಅವಳು ಅಂದಳು. "ಅಕಾ, ಅಲ್ಲಿ ತೆರವು ಅದ. ಅಲ್ಲೇ ತುಂಬ್ಕೊಳ್ರಿ."

ಅವಳು ತೋರಿಸಿದ್ದು ಕಾರ್ಖಾನೆಯ ಗಟಾರಿನ ಬಾಯಿ. ಅಲ್ಲಿ ಕಳೆಯೂ ಬೆಳೆಯುತ್ತಿರಲಿಲ್ಲ.

"ವಾಸನಿ ಬರಾಕತ್ತದಲ್ಲೇ," ಎಂದಳೊಬ್ಬಳು.

"ಅತ್ತರ್ ಹಾಕಿದ್ರ ಹೋಗ್ತದ ಬಿಡ," ಇನ್ನೊಬ್ಬಳು ನಕ್ಕಳು.

ರುಕ್ಮಿಣಿಬಾಯಿ ಸೆರಗು ಸಿಕ್ಕಿಸಿ ಬಾಗಿ ಕೊಡ ಅದ್ದಿದರು. ಅಷ್ಟರಲ್ಲಿ ದಂಡೆಯ ಮೇಲೆ ಜೀಪು ನಿಂತಿತು. ಮಹಾರುದ್ರಪ್ಪ ತಲೆಯ ಪಟಗ ಬಿದ್ದದ್ದನ್ನೂ ನೋಡದೆ ಓಡಿಬಂದ.

"ಏ, ಬ್ಯಾಡ! ಆ ನೀರು ಮುಟ್ಟಬ್ಯಾಡ! ಚೆಲ್ಲು, ಮೊದಲ ಚೆಲ್ಲು!"

"ಯಾಕ್ರಿ ಸಾವಕಾರ್ರ?" ಜಗದೇವಿ ಕೇಳಿದಳು. ದನಿ ಏರಲಿಲ್ಲ. "ತೀರ್ಥ ಅಲ್ಲೇನ್ರಿ?"

ಮಹಾರುದ್ರಪ್ಪ ಹೆಂಡತಿಯ ಕೊಡಕ್ಕೆ ಕೈಚಾಚಿದ. ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ರುಕ್ಮಿಣಿಬಾಯಿಯೂ.

ಕೊನೆಗೆ ರುಕ್ಮಿಣಿಬಾಯಿಯೇ ಕೊಡ ಬೋರಲು ಹಾಕಿದರು. ನೀರು ಇಂಗಿ, ಮಣ್ಣಿನ ಮೇಲೆ ನೊರೆ ಉಳಿಯಿತು. ಹೆಂಗಸರು ಖಾಲಿ ಕೊಡ ಹೊತ್ತು ದಂಡೆ ಹತ್ತತೊಡಗಿದರು. ಸನಾದಿಯವನೊಬ್ಬ ಅಭ್ಯಾಸಬಲದಿಂದ ವಾದ್ಯವನ್ನು ತುಟಿಗೆತ್ತಿದ. ಕೊಡಗಳನ್ನು ನೋಡಿ ಮೆಲ್ಲಗೆ ಕೆಳಗಿಳಿಸಿದ.