ಮೂರು ಕೊಳ, ಹದಿಮೂರು ಬಾತು

ಮೇಷ್ಟ್ರಿಗೆ ಮಾತು ಹೋದದ್ದು ಒಂದು ಬೆಳಗ್ಗೆ, ಹಲ್ಲುಜ್ಜುತ್ತಿದ್ದಾಗ. ಬಾಯಿ ಒಂದು ಕಡೆಗೆ ವಾಲಿತು, ಬ್ರಷ್ಷು ಕೈಜಾರಿ ಬಿತ್ತು. ಆಸ್ಪತ್ರೆಯಿಂದ ಮನೆಗೆ ಮರಳುವ ಹೊತ್ತಿಗೆ ಕಾಲು ತಕ್ಕಮಟ್ಟಿಗೆ ಹೇಳಿದ ಹಾಗೆ ಕೇಳುತ್ತಿತ್ತು. ಬಲಗೈ ಅರ್ಧಂಬರ್ಧ. ನಾಲಿಗೆ ಮಾತ್ರ ಮುನಿಸಿಕೊಂಡು ಕೂತಿತ್ತು. ಜೀವಮಾನವಿಡೀ ಪುಟ್ಟ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಆ ಬಾಯಲ್ಲಿ ಉಳಿದದ್ದು ಒಂದೇ ಪದ: "ಹೌದು."

"ಅಪ್ಪಾ, ಕಾಫಿನಾ, ಹಾಲಾ?" ಎಂದು ಮಗಳು ಕೇಳಿದರೆ "ಹೌದು." "ಕಿಟಕಿ ಹಾಕ್ಲಾ, ತೆಗೆದೇ ಇರ್ಲಾ?" "ಹೌದು." ಮೊದಮೊದಲು ಮಗಳಿಗೆ ನಗು ಬರುತ್ತಿತ್ತು. ಆಮೇಲೆ ಅವಳು ಕೇಳುವುದನ್ನೇ ಕಡಿಮೆ ಮಾಡಿದಳು. ಮೇಷ್ಟ್ರ ತಲೆಯೊಳಗೆ ಎಲ್ಲವೂ ನಿಚ್ಚಳವಾಗಿಯೇ ಇತ್ತು. ಬೇಕಾದ ಪದ ಗಂಟಲವರೆಗೂ ಬರುತ್ತಿತ್ತು, ತುಟಿ ದಾಟುವಾಗ ಅದು ಹೇಗೋ "ಹೌದು" ಆಗಿಬಿಡುತ್ತಿತ್ತು.

ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವಳು ಬರುವವರೆಗೆ ಮನೆಯಲ್ಲಿ ಮೇಷ್ಟ್ರು ಮತ್ತು ಶಾಲೆ ಮುಗಿಸಿ ಬಂದ ಮೊಮ್ಮಗಳು, ಇಬ್ಬರೇ. ಸಕ್ಕರೆ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟರೂ ಪತ್ತೆ ಹಚ್ಚುತ್ತಿದ್ದುದರಿಂದ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಇರುವೆ ಎಂದೇ. ಆ ವರ್ಷ ಇರುವೆಗೆ ಭಾಗಾಕಾರ ಗಂಟುಬಿದ್ದಿತ್ತು.

ಒಂದು ಮಧ್ಯಾಹ್ನ ಅವಳು ಪುಸ್ತಕದ ಲೆಕ್ಕವೊಂದಕ್ಕೆಂದು ಸೋಪಿನ ಡಬ್ಬಿಗಳನ್ನು ಕತ್ತರಿಸಿ ಹನ್ನೆರಡು ಬಾತುಕೋಳಿ ಮಾಡಿದಳು. ಕೊಳಗಳೆಂದು ಊಟದ ಮೇಜಿನ ಮೇಲೆ ಮೂರು ತಟ್ಟೆ ಇಟ್ಟಳು. ದೊಡ್ಡ ತಟ್ಟೆಗೆ ಆರು ಬಾತು, ನಡುವಿನದಕ್ಕೆ ನಾಲ್ಕು, ಚಿಕ್ಕದಕ್ಕೆ ಎರಡು.

"ಸರಿನಾ ತಾತ?"

ಸಮವಾಗಿ ಹಂಚಮ್ಮ, ಎಲ್ಲಾ ಕೊಳಕ್ಕೂ ಒಂದೇ ಸಮ, ಎನ್ನಬೇಕಿತ್ತು ಮೇಷ್ಟ್ರು. "ಹೌದು," ಎಂದರು.

ಇರುವೆ ಖುಷಿಯಿಂದ ಬರೆದುಕೊಳ್ಳತೊಡಗಿದಳು. ಮೇಷ್ಟ್ರು ಅಡ್ಡಡ್ಡ ತಲೆಯಾಡಿಸಿದರು, ಅವಳು ನೋಡಲಿಲ್ಲ. "ಹೌದು! ಹೌದು!" ಎಂದು ಒದ್ದಾಡಿದರು. ಕೊನೆಗೆ ತಡೆಯಲಾರದೆ ಎಡಗೈಯಿಂದ ಮೇಜಿಗೆ ಗುದ್ದಿದರು. ಬಾತುಗಳು ಚೆಲ್ಲಾಪಿಲ್ಲಿಯಾದವು.

"ನೀನೇ ತಾನೇ ಹೌದು ಅಂದಿದ್ದು!" ಎಂದು ಚೀರಿ ಇರುವೆ ಕೋಣೆ ಸೇರಿಕೊಂಡಳು.

ಮೇಷ್ಟ್ರು ಕುರ್ಚಿ ಹಿಡಿದು ಬಗ್ಗಿದರು. ಸೊಂಟ ಗೊಣಗಿದರೂ ಬಿಡದೆ ಒಂದೊಂದೇ ಬಾತನ್ನು ನೆಲದಿಂದ ಆರಿಸಿ ತಟ್ಟೆಗಿಟ್ಟರು. ಶಾಲೆಯಲ್ಲಿದ್ದಷ್ಟು ಕಾಲ ಯಾವ ಮಗುವಿನ ಮುಂದೆಯೂ ಕೈ ಎತ್ತಿದವರಲ್ಲ. ಕಣ್ಣು ಮಂಜಾಯಿತು.

ಸಂಜೆ ಮಗಳು ಪಾತ್ರೆ ತೊಳೆಯುತ್ತಿದ್ದಾಗ ಇರುವೆ ಅವಳ ಬೆನ್ನಿಗೆ ಅಂಟಿಕೊಂಡು ದೂರು ಹೇಳಿದಳು. "ತಾತಂಗೆ ಭಾಗಾಕಾರ ಮರ್ತೇ ಹೋಗಿದೆ ಅಮ್ಮ."

"ತಾತಂಗಾ? ಬಿಡ್ತು ಅನ್ನು! ನಂಗೆ ಭಾಗಾಕಾರ ಕಲ್ಸಿದ್ದೇ ಅವರು. ಇದೇ ಬಾತಿನ ಲೆಕ್ಕಾನ ಇಡೀ ಕ್ಲಾಸಿಗೆ ಹಾಡು ಕಟ್ಟಿ ಹೇಳ್ಕೊಡೋರು." ಮಗಳು ನೆನಪು ಮಾಡಿಕೊಳ್ಳುತ್ತ ಗುನುಗಿದಳು:

"ಹನ್ನೆರಡು ಬಾತು ಹೊರಟವು,
ಮೂರು ಕೊಳಗಳ ಕಂಡವು,
ಜಗಳವಾಡದೆ, ದೂಡಾಡದೆ..."

"ಆಮೇಲೆ?"

"ಆಮೇಲೆ... ಅಯ್ಯೋ, ನಾಲಿಗೆ ತುದೀಲೇ ಇದೆ ಕಣೆ."

ಹಜಾರದ ಕುರ್ಚಿಯಿಂದ ಒಡಕು ದನಿಯೊಂದು, ರಾಗ ಒಂದಿಷ್ಟೂ ತಪ್ಪದೆ, ಕೇಳಿಬಂತು:

"ನಾಲ್ಕು ನಾಲ್ಕಾಗಿ ಇಳಿದವು."

ಮಗಳು ನಲ್ಲಿ ನಿಲ್ಲಿಸಿದಳು. ಸೋಪಿನ ನೊರೆಯ ಕೈಯಲ್ಲೇ ಓಡಿಬಂದಳು. ಎಲ್ಲರಿಗಿಂತ ಹೆಚ್ಚು ಬೆರಗಾಗಿದ್ದವರು ಮೇಷ್ಟ್ರೇ. ಯಾರೋ ಬೇರೆಯವರು ಹಾಡಿದರೇನೋ ಎಂಬಂತೆ ತುಟಿ ಮುಟ್ಟಿ ನೋಡಿಕೊಂಡರು.

"ಅಪ್ಪಾ! ಇನ್ನೊಂದ್ಸಲ!"

"ಹೌದು," ಎಂದರು ಮೇಷ್ಟ್ರು. ಮೂವರೂ ನಕ್ಕರು. ಮಗಳು ಮಾತ್ರ ನಗುತ್ತಲೇ ಅತ್ತಳು.

ಮಾತು ಕಲಿಸುವ ಡಾಕ್ಟರಮ್ಮನಿಗೆ ಇದೇನೂ ಹೊಸತಲ್ಲ. "ಮಾತಿನ ದಾರಿ ಕಟ್ಟಿದ್ರೂ ಎಷ್ಟೋ ಜನಕ್ಕೆ ಹಾಡಿನ ದಾರಿ ತೆರೆದಿರುತ್ತೆ," ಎಂದರು. "ದಿನಾ ಹಾಡಿಸಿ. ಆದ್ರೆ ಹಳೇ ಹಾಡು ಬಂತು ಅಂದ ಮಾತ್ರಕ್ಕೆ ಮಾತು ಬಂತು ಅಂತಲ್ಲ. ಅವಸರ ಮಾಡ್ಬೇಡಿ."

ಅವಸರ ಮಾಡಬೇಡಿ ಎಂದರೆ ಕೇಳುವ ಪೈಕಿಯೇ ಇರುವೆ? ಮರುದಿನವೇ ಬಾತುಗಳನ್ನು ಹರಡಿಕೊಂಡು ಕೂತಳು. ಹನ್ನೆರಡನ್ನು ಹಾಡುತ್ತ ಹಂಚಿದಳು. ಮೇಷ್ಟ್ರು ಎಡಗೈಯಲ್ಲಿ ತಾಳ ಹಾಕಿದರು. ದೊಡ್ಡ ಕೊಳವಾದರೂ ನಾಲ್ಕೇ, ಚಿಕ್ಕ ಕೊಳವಾದರೂ ನಾಲ್ಕೇ. ತಟ್ಟೆಯ ಗಾತ್ರಕ್ಕೂ ಲೆಕ್ಕಕ್ಕೂ ಸಂಬಂಧವಿಲ್ಲ ಎಂಬುದು ಹಾಡುತ್ತ ಹಾಡುತ್ತಲೇ ಅವಳ ತಲೆಗೆ ಹತ್ತಿತು. ಆಗ ಅವಳಿಗೆ ಕಿತಾಪತಿ ಹೊಳೆಯಿತು. ಪುಸ್ತಕದ ರಟ್ಟಿನಿಂದ ಇನ್ನೊಂದು ಬಾತು ಕತ್ತರಿಸಿದಳು.

"ಹದಿಮೂರು ಬಾತು ಹೊರಟವು..."

ಹಾಡು ಎಂದಿನಂತೆ ಸಾಗಿ ನಾಲ್ಕು ನಾಲ್ಕಾಗಿ ಇಳಿಯಿತು. ಮೇಷ್ಟ್ರ ಕೈಯಲ್ಲಿ ಒಂದು ಬಾತು ಹಾಗೇ ಉಳಿಯಿತು.

"ಇದಕ್ಕೆ ಹಾಡಿಲ್ವಾ ತಾತ?"

ಇರಲಿಲ್ಲ. ಹಳೆಯ ಹಾಡು ಅಲ್ಲಿಗೆ ಮುಗಿಯುತ್ತಿತ್ತು. ಮೇಷ್ಟ್ರು ಆ ರಟ್ಟಿನ ಬಾತನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೆರಳು ತಾಳ ಬಿಡಲಿಲ್ಲ. ಹಣೆಯ ಮೇಲೆ ಬೆವರು ಸಾಲಿಟ್ಟಿತು. ಇರುವೆ ಬಾಯಿ ಬಿಗಿಹಿಡಿದು ಕಾದಳು.

"ಒಂದು ಬಾತು... ಉಳಿಯಿತು," ಎಂದು ಮೇಷ್ಟ್ರು ಹಾಡಿದರು. ಉಸಿರೆಳೆದುಕೊಂಡರು. ಅವಳ ಅಂಗೈ ಬಿಡಿಸಿ ಬಾತನ್ನು ಅದರಲ್ಲಿಟ್ಟರು. "ಇರುವೆ ಕೈಲಿ... ಮಲಗಿತು."

ಅದು ಅವರು ಆಗಷ್ಟೇ ಕಟ್ಟಿದ ಸಾಲು. ಇರುವೆ ಅಂಗೈ ಮಡಚಲಿಲ್ಲ, ಬಾತಿಗೆ ಎಚ್ಚರವಾದೀತೆಂದು.

ಆಮೇಲೆ ಮಾತು ಹನಿಹನಿಯಾಗಿ ಬಂತು, ಬಂದದ್ದೆಲ್ಲ ರಾಗದಲ್ಲೇ. ನೀರು ಬೇಕಾದರೂ ಹಾಡು, ಟೀವಿ ದನಿ ತಗ್ಗಿಸಬೇಕಾದರೂ ಹಾಡು. ಹಿಂದಿನ ಹಾಗೆ ಪಾಠ ಮಾಡಲು ಇನ್ನು ಆಗದು ಎಂಬುದು ಮೇಷ್ಟ್ರಿಗೂ ಗೊತ್ತಿತ್ತು. ಆದರೆ ಕೆಳಮನೆಯ ಅಕ್ಕತಂಗಿಯರು ಸಂಜೆ ಬರತೊಡಗಿದರು. ಅವರ ಹಿಂದೆ ಅವರ ಗೆಳತಿಯರೂ ಬಂದರು. ರಟ್ಟಿನ ಆನೆ, ಮೊಲ, ಮೂರೇ ಕಾಲಿನ ಒಂಟೆ ಎಲ್ಲ ಮೇಜು ಹತ್ತಿದವು.

ಒಂದು ಸಂಜೆ ಹದಿನೇಳು ಆನೆ, ಐದು ಲಾರಿ. ಎರಡು ಆನೆ ಉಳಿದುಬಿಟ್ಟವು.

"ನಡ್ಕೊಂಡೇ ಬರ್ಲಿ, ಮೈ ಇಳಿಯುತ್ತೆ," ಎಂದಳು ಅಕ್ಕ. ಎಲ್ಲರೂ ಬಿದ್ದುಬಿದ್ದು ನಕ್ಕರು.

ತಂಗಿಗೆ ನಗು ಬರಲಿಲ್ಲ. ಎರಡು ಆನೆಗಳ ಸೊಂಡಿಲನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿದಳು. "ಮೇಷ್ಟ್ರೇ, ಉಳಿದದ್ದು ಎರಡಲ್ವಾ, ಅವಕ್ಕೆ ಬೇಜಾರಾಗಲ್ಲ," ಎಂದಳು.

ಮೇಷ್ಟ್ರು ಅವಳ ತಲೆ ಸವರಿದರು. ಹೊಸ ಸಾಲು ಹುಡುಕುತ್ತ ಎಡಗೈ ಮೇಜಿನ ಮೇಲೆ ತಾಳ ಹಾಕತೊಡಗಿತು. ಮಕ್ಕಳೆಲ್ಲ ಅವರ ಬಾಯನ್ನೇ ನೋಡುತ್ತ ಕೂತರು.