ಕೆಂಚಿ ಹಾಲು ಬಿಡದ ದಿನ

ಬೆಳಗ್ಗೆ ಹಾಲು ಕರೆಯಲು ಕೂತ ಅರ್ಪಿತಳಿಗೆ ಸಿಕ್ಕಿದ್ದು ಒಂದು ಒದೆ ಮಾತ್ರ. ಬಕೆಟ್ಟು ಉರುಳಿಕೊಂಡು ಗಂಜಲದ ಚರಂಡಿಗೆ ಹೋಯಿತು. ಕೆಂಚಿ ತನಗೂ ಅದಕ್ಕೂ ಸಂಬಂಧವೇ ಇಲ್ಲವೆನ್ನುವಂತೆ ಮೆಲುಕು ಹಾಕುತ್ತಾ ನಿಂತಿತು.

"ಬಂಗಾರ ಅಲ್ವಾ ನೀನು? ಸ್ವಲ್ಪ ಬಿಡಮ್ಮಾ," ಎಂದು ಅವಳು ಗೋಗರೆದಳು. ಬಂಗಾರ ಬಾಲ ಬೀಸಿ ಅವಳ ಕೆನ್ನೆಗೆ ಬಾರಿಸಿತು.

ಬನಶಂಕರಿಯ ಅಂಚಿನಲ್ಲಿ ಸುತ್ತ ಅಪಾರ್ಟ್‌ಮೆಂಟುಗಳೆದ್ದ ಮೇಲೂ ಉಳಿದುಕೊಂಡ ತುಂಡು ಜಮೀನದು. ಒಂದಿಷ್ಟು ದಂಟಿನ ಸೊಪ್ಪು, ಕೋಳಿಗಳು, ಈ ಕೆಂಪು ಹಸು. ಎಲ್ಲಕ್ಕೂ ಯಜಮಾನಿ ಅತ್ತೆ ಸೊಣ್ಣಮ್ಮ. ಮಂಡಿ ಆಪರೇಷನ್‌ಗೆಂದು ನಿನ್ನೆ ಸಂಜೆ ಅವರು ಆಸ್ಪತ್ರೆ ಸೇರಿದ್ದರು, ಆಪರೇಷನ್ ನಾಳೆ. ಇನ್ನುಮುಂದೆ ಕುಕ್ಕರಗಾಲಲ್ಲಿ ಕೂರುವಂತಿಲ್ಲ ಎಂದು ಡಾಕ್ಟರು ಹೇಳಿದ್ದೇ ತಡ, ಗಂಡ ರಘು ಹಸುವಿಗೆ ಗಿರಾಕಿ ಹುಡುಕಿಬಿಟ್ಟಿದ್ದ.

"ನಾನು ಕರೀತೀನಿ," ಎಂದಿದ್ದಳು ಅರ್ಪಿತ. ಗಿರಿನಗರದ ಎರಡನೇ ಮಹಡಿಯಲ್ಲಿ ಪಾಕೆಟ್ ಹಾಲು ಕುಡಿದು ಬೆಳೆದವಳ ಮಾತಿಗೆ ರಘು ನಕ್ಕಿದ್ದ. "ಇವತ್ತೊಂದಿನ ಕರಿ, ನೋಡೋಣ. ಆಗ್ಲಿಲ್ಲ ಅಂದ್ರೆ ನಾಳೆ ಬೆಳಗ್ಗೆ ಗಾಡಿ ಬರತ್ತೆ."

ಕೆಂಚಿ ಹೋಯಿತೆಂದರೆ ಅತ್ತೆ ಹೊಸ ಮಂಡಿ ಇಟ್ಟುಕೊಂಡು ಎಲ್ಲಿಗೆ ನಡೆಯಬೇಕು? ಹಾಸಿಗೆ ಬಿಟ್ಟು ಏಳುವುದಕ್ಕೇ ಅವರಿಗೆ ಕಾರಣ ಇರುವುದಿಲ್ಲ. ಹೊರಗಿನಿಂದ ಬಂದ ತನಗೆ ತಿಳಿದದ್ದು ಹೆತ್ತ ಮಗನಿಗೆ ತಿಳಿಯಲಿಲ್ಲವಲ್ಲ ಎಂದು ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಬಕೆಟ್ಟು ಎತ್ತಿಕೊಂಡು ಬರುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು.

"ನನ್ನ ಹಳೇ ಸೀರೆ ಸುತ್ಕಂಡು ಕೂತ್ಕೋ ಅಂದಿದ್ನಲ್ಲ?"

"ಅದನ್ನೇ ಸುತ್ಕೊಂಡಿದೀನಿ ಅತ್ತೆ. ತುಂಬಾ ಕೊಳೆ ಇತ್ತು ಅಂತ ರಾತ್ರಿ ಮೆಷಿನ್ನಿಗೆ ಹಾಕಿದ್ದೆ."

"ಒಗ್ದಾಕ್ಬಿಟ್ಯಾ? ಬುದ್ಧಿ ಐತೇನೇ ನಿಂಗೆ? ಅದ್ರಲ್ಲಿ ನನ್ನ ವಾಸ್ನೆ ಇತ್ತು! ಈಗ ಸೋಪಿನ ಪುಡಿ ಮಲ್ಲಿಗೆ ವಾಸ್ನೆ ಹೊಡೀತಾ ಹೋಗಿ ಕೂತ್ರೆ, ಯಾರೋ ಮದ್ವೆ ಮನೆಯೋಳು ಬಂದವ್ಳೆ ಅಂದ್ಕತದೆ!"

ಬೈಗುಳ ಕೇಳಲು ಗೇಟಿನ ತನಕ ಹೋಗಬೇಕಿತ್ತು, ಸಿಗ್ನಲ್ ಸರಿಯಾಗಿ ಸಿಗುವುದು ಅಲ್ಲೇ. ಮಧ್ಯಾಹ್ನ ಸೊಪ್ಪಿಗೆ ನೀರು ಬಿಟ್ಟಾಗಲೂ ಹಾಗೆಯೇ ಆಯಿತು. ಅವಳು ಗೇಟಿನಲ್ಲಿ ಬೈಸಿಕೊಳ್ಳುತ್ತಿದ್ದಾಗ ಪೈಪು ಸೊಪ್ಪಿನ ಮಡಿಯಿಂದ ಜಾರಿ, ನೀರೆಲ್ಲ ಪಕ್ಕದ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಯಿತು.

"ಏನ್ ಮೇಡಂ ಇದು! ಪಾರ್ಕಿಂಗ್ ಕೆರೆ ಆಗೋಯ್ತು!" ಎಂದು ವಾಚ್‌ಮನ್ ಪ್ರಮೋದ್ ಓಡಿ ಬಂದ. ಅವಳು ಪೊರಕೆ ಹಿಡಿದು ಅಲ್ಲಿ ನೀರು ತಳ್ಳುತ್ತಿದ್ದರೆ, ಇಲ್ಲಿ ಕೆಂಚಿ ಹಗ್ಗ ಬಿಚ್ಚಿಕೊಂಡು ಸೊಪ್ಪಿಗಿಳಿಯಿತು. ಅವಳು ಹಾಕಿದ್ದ ಗಂಟೋ, ಶೂ ಲೇಸಿನ ಗಂಟು. ವಾಪಸು ಬಂದಾಗ ದಂಟು ಅರ್ಧ ಹೊಟ್ಟೆಗೆ, ಅರ್ಧ ಕಾಲಡಿಗೆ ಆಗಿತ್ತು. ಪ್ರಮೋದನ ಬಳಿ ಸೊಣ್ಣಮ್ಮನ ನಂಬರು ಬೇರೆ ಇತ್ತು. ಅರ್ಪಿತಳ ಘನಕಾರ್ಯಗಳೆಲ್ಲ ಆಗಿಂದಾಗಲೇ ಆಸ್ಪತ್ರೆಗೆ ಮುಟ್ಟುತ್ತಲೇ ಇದ್ದವು.

ಈ ಹೆಂಗಸು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಸಾಕು ದೇವರೇ ಎಂದುಕೊಂಡು ಅರ್ಪಿತ ಫೋನನ್ನೇ ಆಫ್ ಮಾಡಿದಳು.

ಸಂಜೆಗೆ ಕೆಚ್ಚಲು ಕಲ್ಲಾಗಿತ್ತು. ಮುಟ್ಟಿದರೆ ಕೆಂಚಿ ನರಳುತ್ತಿತ್ತು. ಅವಳು ಅಳು ನುಂಗಿಕೊಂಡು ಕೈಗೆ ಎಣ್ಣೆ ಸವರಿಕೊಂಡು ಕೂತಳು. ಆಫೀಸಿನಿಂದ ಬಂದ ರಘು ಹಿಂದೆ ನಿಂತು ನೋಡಿದ.

"ಅದಕ್ಕೂ ಹಿಂಸೆ, ನಿಂಗೂ ಹಿಂಸೆ. ಗಾಡಿಯವನಿಗೆ ಹೇಳ್ಬಿಡ್ತೀನಿ," ಎಂದು ಜೇಬಿನಿಂದ ಫೋನು ತೆಗೆದ. ಅವನು ನಂಬರು ಒತ್ತುವ ಮೊದಲೇ ಅದು ರಿಂಗಾಯಿತು. "ಅಮ್ಮ. ನಿನ್ ಫೋನ್ ಆಫ್ ಅಂತೆ," ಎಂದು ಸ್ಪೀಕರ್‌ಗೆ ಹಾಕಿ ಅವಳತ್ತ ಹಿಡಿದ. ಸಿಗ್ನಲ್ಲು ಆ ಹೊತ್ತು ಹೇಗೋ ಕೊಟ್ಟಿಗೆಯ ತನಕ ಬಂದಿತ್ತು.

"ದಂಟು ಪೂರಾ ಮೇಯಿಸ್ಬಿಟ್ಯಂತಲ್ಲೇ! ಫೋನ್ ಬೇರೆ ಆಫ್ ಮಾಡ್ತೀಯಾ? ಹಗ್ಗ ಕಟ್ಟಕ್ಕೆ ಬರದೋಳು ಹಸ ಸಾಕ್ತೀನಿ ಅಂತ ಹೊರಟವ್ಳೆ..."

ಕೆಂಚಿಯ ಕಿವಿ ಹಿಂದಕ್ಕೆ ತಿರುಗಿತು. ದಿನವಿಡೀ ಬಿಗಿಹಿಡಿದಿದ್ದ ಮೈ ಸಡಿಲವಾಯಿತು. ಅರ್ಪಿತಳ ಬೆರಳುಗಳ ನಡುವಿನಿಂದ ಸುರ್ರೆಂದು ಹಾಲು ಬಕೆಟ್ಟಿಗೆ ಬಿತ್ತು.

ಅತ್ತ ಬೈಗುಳ ಅರ್ಧಕ್ಕೇ ನಿಂತಿತು. "ಅದೇನೇ ಸದ್ದು?"

"ಹಾಲು, ಅತ್ತೆ."

ಸೊಣ್ಣಮ್ಮ ಮಾತಾಡಲಿಲ್ಲ. ಹಾಲಿನ ಎಳೆ ಸಣ್ಣಗಾಯಿತು. ಕೆಂಚಿ ಮತ್ತೆ ಕಾಲೆತ್ತಿತು.

"ಅಯ್ಯೋ ಅತ್ತೆ, ನಿಲ್ಲಿಸ್ಬೇಡಿ! ಬೈರಿ! ನಿಮ್ಮ ಕಾಲಿಗೆ ಬೀಳ್ತೀನಿ, ಬೈರಿ ನನ್ನ!"

"ಏನಂತ ಬೈಲೇ ನಿನ್ನ," ಎಂದರು ಸೊಣ್ಣಮ್ಮ.

"ಸೀರೆ ಒಗೆದಿದ್ದಕ್ಕೆ ಬೈರಿ!"

ಅಲ್ಲಿ ಮೂಗು ಸೀನಿದ ಸದ್ದು ಕೇಳಿತು. "ಅಲ್ಲ ಕಣೇ ಬುದ್ಧಿಗೇಡಿ, ಯಾರಾದ್ರೂ ಹಾಲು ಕರೆಯೋ ಸೀರೇನ..." ಎಂದು ಶುರುವಾಗಿದ್ದೇ ಹಾಲು ಮತ್ತೆ ಇಳಿಯಿತು. ನೊರೆ ಮೇಲೇರತೊಡಗಿತು. ರಘು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ರೀ, ಸುಮ್ನೆ ನಿಂತಿದೀರಲ್ಲ, ಕಾಲ್ ರೆಕಾರ್ಡ್ ಮಾಡ್ರೀ!" ಎಂದು ಅರ್ಪಿತ ಅಳುತ್ತಲೇ ಗದರಿದಳು. "ನಾಳೆ ಅತ್ತೆ ಆಪರೇಷನ್ ರೂಮಲ್ಲಿರ್ತಾರೆ. ಕೆಂಚಿಗೆ ಏನು ಕೇಳಿಸ್ಲಿ?"

ಗಾಡಿಯವನಿಗೆಂದು ತೆಗೆದಿದ್ದ ಫೋನಿನಲ್ಲಿ ರಘು ರೆಕಾರ್ಡಿಂಗ್ ಒತ್ತಿದ.